ಮರೆಮಾಡಿದ್ದು ಮಾಯವಾಗಿಲ್ಲ: ಅಣುವಿನ ಅನಿಮೇಷನ್ ಮಾಡುವಾಗ ಕಲಿತದ್ದು



ಕಾಮರ್ಸ್ ಓದುವವನಿಗೆ ಅಣುವಿನ ಉಸಾಬರಿ ಏಕೆ ಎಂದು ನೀವು ಕೇಳಬಹುದು. ವಿಜ್ಞಾನ ಓದುವ ನಮ್ಮ ಆಪಾ ಸಿಕಲ್ ಸೆಲ್ ಅನೀಮಿಯಾ, ಅಂದರೆ ಕುಡುಗೋಲು ಕಣ ರಕ್ತಹೀನತೆಯ ಬಗ್ಗೆ ಸೆಮಿನಾರ್ ಕೊಡಬೇಕಿತ್ತು. ಅದಕ್ಕೆ ಒಂದು ಚಿಕ್ಕ ಅನಿಮೇಷನ್ ಮಾಡುವ ಕೆಲಸ ನನ್ನ ಪಾಲಿಗೆ ಬಂತು.

ಈ ಕಾಯಿಲೆ ನಮಗೆ ದೂರದ್ದಲ್ಲ. ಮದ್ದೂರಿನ ಆಚೆ ಬಂಡೀಪುರದ ಕಾಡು, ಕಾಡಿನ ಆಚೆ ವಯನಾಡು ಮತ್ತು ನೀಲಗಿರಿ. ಭಾರತದಲ್ಲಿ ಸಿಕಲ್ ಸೆಲ್ ಗುಣ 1952ರಲ್ಲಿ ಮೊದಲು ವರದಿಯಾದದ್ದು ಆ ನೀಲಗಿರಿಯ ಬುಡಕಟ್ಟು ಜನರಲ್ಲಿ. ನಮ್ಮ ಜಿಲ್ಲೆಯ ಹಾಡಿಗಳಲ್ಲಿರುವ ಸೋಲಿಗರು, ಜೇನುಕುರುಬರಂತಹ ಸಮುದಾಯಗಳಿಗೂ ಇದು ಮುಖ್ಯವಾದ ವಿಷಯ. 2023ರ ಜುಲೈ 1ರಂದು ಕೇಂದ್ರ ಸರ್ಕಾರ ಇದರ ನಿರ್ಮೂಲನಾ ಅಭಿಯಾನ ಆರಂಭಿಸಿತು. 40 ವರ್ಷದೊಳಗಿನ 7 ಕೋಟಿ ಜನರ ತಪಾಸಣೆ ಅದರ ಗುರಿಯಾಗಿತ್ತು.

ತೋರಿಸಬೇಕಾದದ್ದು ಎಷ್ಟು?

ಒಂದು ಹಿಮೋಗ್ಲೋಬಿನ್ ಅಣುವಿನಲ್ಲಿ ನಾಲ್ಕು ಸರಪಳಿಗಳಿವೆ. ಎರಡು ಆಲ್ಫಾ, ಒಂದೊಂದರಲ್ಲಿ 141 ಅಮೈನೋ ಆಮ್ಲ. ಎರಡು ಬೀಟಾ, ಒಂದೊಂದರಲ್ಲಿ 146. ಒಟ್ಟು 574. ಈ ಕಾಯಿಲೆಯಲ್ಲಿ ಬೀಟಾ ಸರಪಳಿಯ 6ನೇ ಜಾಗದಲ್ಲಿ ಗ್ಲುಟಾಮಿಕ್ ಆಮ್ಲದ ಬದಲು ವ್ಯಾಲೀನ್ ಕೂತಿರುತ್ತದೆ. ಅಂದರೆ 574ರಲ್ಲಿ ಬದಲಾದದ್ದು ಎರಡೇ! ಎಲ್ಲವನ್ನೂ ಒಟ್ಟಿಗೆ ತೋರಿಸಿದರೆ ಆ ಎರಡು ಯಾರಿಗೂ ಕಾಣುವುದಿಲ್ಲ. ಆದ್ದರಿಂದ ಯಾವುದನ್ನು ಯಾವಾಗ ಮರೆಮಾಡಬೇಕು ಎಂಬುದೇ ಅರ್ಧ ಕೆಲಸ.

1971ರಲ್ಲಿ ಆರಂಭವಾದ ಪ್ರೋಟೀನ್ ಡೇಟಾ ಬ್ಯಾಂಕ್‌ನಿಂದ ಅಣುಗಳ ರಚನೆಯನ್ನು ಯಾರು ಬೇಕಾದರೂ ಉಚಿತವಾಗಿ ಪಡೆಯಬಹುದು. ನಾವು ಬಳಸಿದ ಕಡತದ ಹೆಸರು 2ಎಚ್‌ಬಿಎಸ್. ಅದರಲ್ಲಿ ಆಮ್ಲಜನಕ ಬಿಟ್ಟುಕೊಟ್ಟ ಎರಡು ಸಿಕಲ್ ಹಿಮೋಗ್ಲೋಬಿನ್ ಅಣುಗಳು ಅಕ್ಕಪಕ್ಕ ಇವೆ, ಒಟ್ಟು ಎಂಟು ಸರಪಳಿ. ಕಡತ ತೆರೆಯಲು ಕೈಮೆರಾ ಎಕ್ಸ್ ತಂತ್ರಾಂಶ ಬಳಸಿದೆವು. ಓದಿಗೆ ಅದು ಉಚಿತ.

ನಾವು ಮಾಡಿದ ಕ್ರಮ

1. ಮೊದಲು ನೀರಿನ ಅಣುಗಳನ್ನು 'ಹೈಡ್' ಮಾಡಿದೆವು. ಚುಕ್ಕೆಗಳ ಗದ್ದಲ ಕಡಿಮೆಯಾಯಿತು.

2. ಸರಪಳಿಗಳ ಪರಮಾಣುಗಳನ್ನು ಮರೆಮಾಡಿ, ರಿಬ್ಬನ್ ಪಟ್ಟಿಯಂತಹ ರೂಪ ಮಾತ್ರ ಇಟ್ಟೆವು. ಪರಮಾಣು ಮತ್ತು ರಿಬ್ಬನ್‌ಗೆ ಬೇರೆ ಬೇರೆ ಆಜ್ಞೆ ಕೊಡಬೇಕು. ಒಂದನ್ನು ಮರೆಮಾಡಿದರೆ ಇನ್ನೊಂದು ಹೋಗುವುದಿಲ್ಲ.

3. ನಂತರ 6ನೇ ಅಮೈನೋ ಆಮ್ಲದ ಪರಮಾಣುಗಳನ್ನು 'ಷೋ' ಮಾಡಿದೆವು. ಇಲ್ಲಿ ನಾನು ತಪ್ಪಿದೆ. ಬರೀ 6 ಎಂದು ಕೊಟ್ಟಿದ್ದಕ್ಕೆ ನಾಲ್ಕರ ಬದಲು ಎಂಟು ಕಡೆ ಕಾಣಿಸಿತು. ಆಲ್ಫಾ ಸರಪಳಿಯಲ್ಲೂ 6ನೆಯದು ಇರುತ್ತದಲ್ಲ! ಸರಪಳಿಯ ಅಕ್ಷರವನ್ನೂ ಸೇರಿಸಿ ಕೊಡಬೇಕು.

4. ಉಳಿದ ಸರಪಳಿಗಳನ್ನು ಪೂರ್ತಿ ಮರೆಮಾಡಲಿಲ್ಲ. 80ರಷ್ಟು ಪಾರದರ್ಶಕ ಮಾಡಿದೆವು. ಪೂರ್ತಿ ತೆಗೆದರೆ ವ್ಯಾಲೀನ್ ಎಲ್ಲಿದೆ ಎಂಬುದೇ ನೋಡುವವರಿಗೆ ತಿಳಿಯುವುದಿಲ್ಲ.

5. ಬದಲಾವಣೆ ಥಟ್ಟನೆ ಆದರೆ ಕಣ್ಣು ತಪ್ಪಿಹೋಗುತ್ತದೆ. 'ಕ್ರಾಸ್‌ಫೇಡ್' ಬಳಸಿ 50 ಫ್ರೇಮ್‌ಗಳಲ್ಲಿ ನಿಧಾನವಾಗಿ ಮಾಡಿದೆವು. ಸೆಕೆಂಡಿಗೆ 25 ಫ್ರೇಮ್ ಆದರೆ ಅದು 2 ಸೆಕೆಂಡ್.

6. ಕೊನೆಗೆ ಪಕ್ಕದ ಅಣುವಿನ ಬೀಟಾ ಸರಪಳಿಯ 85ನೇ ಫಿನೈಲ್‌ಅಲನೀನ್ ಮತ್ತು 88ನೇ ಲ್ಯೂಸೀನ್ ತೋರಿಸಿದೆವು. ಇವು ಇರುವ ಗುಳಿಗೆ, ನೀರಿಗೆ ಒಗ್ಗದ ವ್ಯಾಲೀನ್ ಹೋಗಿ ಕೂರುತ್ತದೆ. ಹೀಗೆ ಅಣುವಿಗೆ ಅಣು ಅಂಟಿ ಉದ್ದನೆಯ ಎಳೆಗಳಾಗಿ, ಕೆಂಪು ರಕ್ತಕಣವನ್ನು ಕುಡುಗೋಲಿನಂತೆ ಬಾಗಿಸುತ್ತವೆ.

ಹೈಡ್ ಬೇರೆ, ಡಿಲೀಟ್ ಬೇರೆ

ಮೊದಲ ದಿನ ನಾನು ಎರಡನೇ ಅಣು ಬೇಡವೆಂದು 'ಡಿಲೀಟ್' ಮಾಡಿದ್ದೆ. 6ನೇ ಹಂತಕ್ಕೆ ಬಂದಾಗ ವ್ಯಾಲೀನ್ ಕೂರಲು ಗುಳಿಯೇ ಇರಲಿಲ್ಲ. ಕಡತವನ್ನು ಮತ್ತೆ ತೆರೆದು ಮೊದಲಿನಿಂದ ಮಾಡಬೇಕಾಯಿತು. ಕಾಮರ್ಸ್‌ನವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಎಕ್ಸೆಲ್‌ನಲ್ಲಿ ಫಿಲ್ಟರ್ ಹಾಕಿದಾಗ ಸಾಲುಗಳು ಕಾಣದಿದ್ದರೂ 'ಸಮ್' ಸೂತ್ರದ ಮೊತ್ತದಲ್ಲಿ ಅವು ಇರುತ್ತವೆ. ಸಾಲನ್ನೇ ಅಳಿಸಿದರೆ ಮೊತ್ತವೇ ಬದಲಾಗುತ್ತದೆ.

ಇನ್ನೊಂದು ಪಾಠವನ್ನು ನೋಡಿದವರೇ ಕಲಿಸಿದರು. ಸೆಮಿನಾರಿಗೆ ಮೊದಲು ಸ್ನೇಹಿತನಿಗೆ ತೋರಿಸಿದಾಗ ಅವನು, "ರಕ್ತದಲ್ಲಿ ಇವೆರಡೇ ತೇಲುತ್ತಾ ಇರುತ್ತವಾ?" ಎಂದ. ನಿಜವಾಗಿ ಒಂದು ಕೆಂಪು ರಕ್ತಕಣದಲ್ಲಿ ಸುಮಾರು 27 ಕೋಟಿ ಹಿಮೋಗ್ಲೋಬಿನ್ ಅಣುಗಳು ಒತ್ತೊತ್ತಾಗಿ ಇರುತ್ತವೆ. ನಾವು ಮರೆಮಾಡಿದ್ದನ್ನು ಅವನು ಇಲ್ಲವೆಂದೇ ತಿಳಿದಿದ್ದ. ಆಮೇಲೆ ಚಿತ್ರದ ಕೆಳಗೆ "ನೀರು ಮತ್ತು ಇತರ ಅಣುಗಳನ್ನು ತೋರಿಸಿಲ್ಲ" ಎಂದು ಬರೆದೆವು. ಅನಿಮೇಷನ್ ಮಾಡುವವರು ಈ ಒಂದು ಸಾಲು ಮರೆಯಬಾರದು.

ಸೆಮಿನಾರಿನ ಕೊನೆಗೆ ಆಪಾ ಹೇಳಿದ ಮಾತು ಇದು. ತಂದೆ ಅಥವಾ ತಾಯಿ ಒಬ್ಬರಿಂದ ಮಾತ್ರ ಈ ಗುಣ ಬಂದವರು ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರುತ್ತಾರೆ. ಅವರಲ್ಲಿ ಅದು ಕಾಣುವುದಿಲ್ಲ, ಆದರೆ ಇರುತ್ತದೆ. ಅಂತಹ ಇಬ್ಬರು ಮದುವೆಯಾದರೆ ಪ್ರತಿ ಮಗುವಿಗೂ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಇದು ಮುಟ್ಟಿದರೆ ಅಂಟುವ ರೋಗವಲ್ಲ, ಯಾರ ಶಾಪವೂ ಅಲ್ಲ. ಕಣ್ಣಿಗೆ ಕಾಣದ್ದನ್ನು ರಕ್ತ ಪರೀಕ್ಷೆ ತೋರಿಸುತ್ತದೆ. ತಪಾಸಣೆಗೆ ಬಂದಾಗ ಹಿಂಜರಿಯದೆ ಮಾಡಿಸಿಕೊಳ್ಳೋಣ, ಅಕ್ಕಪಕ್ಕದವರಿಗೂ ತಿಳಿಸೋಣ.