ಪುಕ್ಕಟೆ ತಂತ್ರಾಂಶದ ಜೊತೆ ಬರುವ ಕಳೆ



ಕಾಂಗ್ರೆಸ್ ಹುಲ್ಲೆಂದು ನಾವು ಕರೆಯುವ ಪಾರ್ಥೇನಿಯಂ ಕಳೆಯನ್ನು ಯಾರೂ ದುಡ್ಡು ಕೊಟ್ಟು ತಂದು ಬಿತ್ತಲಿಲ್ಲ. ಹೊರದೇಶದ ಗೋಧಿಯೊಳಗೆ ಸೇರಿಕೊಂಡು ಬಂತೆಂದು ಹೇಳುತ್ತಾರೆ. 1950ರ ದಶಕದಲ್ಲಿ ಪುಣೆಯ ಕಡೆ ಕಂಡದ್ದು ಇಂದು ನಿಮ್ಮ ಹೊಲದ ಬದುವಿನಲ್ಲೂ ಇದೆ. ಅಂತರಜಾಲದಿಂದ ಪುಕ್ಕಟೆಯಾಗಿ ಇಳಿಸಿಕೊಳ್ಳುವ ತಂತ್ರಾಂಶಗಳ ಕಥೆಯೂ ಹೆಚ್ಚು ಕಡಿಮೆ ಹೀಗೆಯೇ. ಬೇಕಾದ ಕಾಳಿನ ಜೊತೆ ಬೇಡದ ಬೀಜವೂ ಬರುತ್ತದೆ.

ಇದು ಕಾರ್ಯದರ್ಶಿಗಳ ತಲೆನೋವು, ನಮಗೇನು ಎಂದು ಪುಟ ತಿರುವಬೇಡಿ. ನೀವು ಎಷ್ಟು ಲೀಟರ್ ಹಾಲು ಹಾಕಿದಿರಿ, ಫ್ಯಾಟ್ ಎಷ್ಟು, ಎಸ್‌.ಎನ್‌.ಎಫ್‌. ಎಷ್ಟು, ಬಟವಾಡೆ ಯಾವ ಬ್ಯಾಂಕಿನ ಯಾವ ಖಾತೆಗೆ ಹೋಗಬೇಕು ಎಂಬುದೆಲ್ಲ ಈಗ ಸಂಘದ ಗಣಕಯಂತ್ರದಲ್ಲಿದೆ. ಆ ಯಂತ್ರ ಕೆಟ್ಟರೆ ಕೆಡುವುದು ನಿಮ್ಮ ಲೆಕ್ಕ.

ನಾನು ಭೇಟಿ ನೀಡುವ ಒಂದು ಸಂಘದಲ್ಲಿ ಒಂದು ದಿನ ಬೆಳಗ್ಗೆ ಆರೂವರೆಗೆ ಸಾಲು ರಸ್ತೆಯವರೆಗೆ ಬಂದಿತ್ತು. ಹಾಲು ಅಳೆಯುವ ಯಂತ್ರ ಸರಿಯಿತ್ತು, ವಿದ್ಯುತ್ ಇತ್ತು, ಚೀಟಿ ಮಾತ್ರ ಬರುತ್ತಿರಲಿಲ್ಲ. ಪರದೆಯ ಮೇಲೆ ಒಂದರ ಮೇಲೊಂದು ಜಾಹೀರಾತು. ಪರೀಕ್ಷಕರು ಕೊನೆಗೆ ಪುಸ್ತಕ ತೆಗೆದು ಕೈಯಲ್ಲೇ ಬರೆದುಕೊಂಡರು. ವಿಚಾರಿಸಿದಾಗ ತಿಳಿದದ್ದು ಇಷ್ಟು: ಹಿಂದಿನ ಸಂಜೆ ಕಾರ್ಯದರ್ಶಿಗಳು ಬಟವಾಡೆ ಪಟ್ಟಿಯನ್ನು ಪಿಡಿಎಫ್ ಮಾಡಲೆಂದು ಒಂದು ಉಚಿತ ತಂತ್ರಾಂಶ ಹುಡುಕಿದ್ದರು. ಮೊದಲು ಕಂಡ ತಾಣ ತೆರೆದು, ದೊಡ್ಡ ಹಸಿರು ಗುಂಡಿ ಒತ್ತಿ, ಆಮೇಲೆ ‘ನೆಕ್ಸ್ಟ್’, ‘ನೆಕ್ಸ್ಟ್’ ಎಂದು ಐದಾರು ಬಾರಿ ಒತ್ತಿದ್ದರು. ಒಂದು ಕೇಳಿದ್ದಕ್ಕೆ ನಾಲ್ಕು ಬಂದು ಕುಳಿತಿದ್ದವು. ಬೇಸರದ ಸಂಗತಿಯೆಂದರೆ, ವಿಂಡೋಸ್ 10 ಮತ್ತು 11ರಲ್ಲಿ ಮುದ್ರಣದ ಪಟ್ಟಿಯಲ್ಲೇ ‘ಮೈಕ್ರೋಸಾಫ್ಟ್ ಪ್ರಿಂಟ್ ಟು ಪಿಡಿಎಫ್’ ಎಂಬುದು ಇರುತ್ತದೆ. ಅವರು ಏನನ್ನೂ ಇಳಿಸಿಕೊಳ್ಳುವ ಅಗತ್ಯವೇ ಇರಲಿಲ್ಲ.

ಹೀಗೆ ಜೋಡಿಸಿ ಕಳಿಸುವುದರಿಂದ ಯಾರಿಗೆ ಲಾಭ? ಜಾಹೀರಾತು ತೋರಿಸುವ, ಹುಡುಕಾಟದ ಪುಟ ಬದಲಿಸುವ ಕಂಪನಿಗಳು ತಮ್ಮ ತಂತ್ರಾಂಶ ಎಷ್ಟು ಯಂತ್ರಗಳಲ್ಲಿ ಕೂತಿತು ಎಂದು ಲೆಕ್ಕ ಹಾಕಿ ಹಣ ಕೊಡುತ್ತವೆ. ಆದ್ದರಿಂದ ಕೆಲವು ವಿತರಣಾ ತಾಣಗಳು ಒಳ್ಳೆಯ ತಂತ್ರಾಂಶದ ಸುತ್ತ ತಮ್ಮದೇ ಹೊದಿಕೆ ಸುತ್ತಿ ಕೊಡುತ್ತವೆ. ಇದು ಸಣ್ಣಪುಟ್ಟವರ ಕೆಲಸ ಮಾತ್ರ ಎಂದು ತಿಳಿಯಬೇಡಿ. 2011ರಲ್ಲಿ ಹೆಸರಾಂತ ಡೌನ್‌ಲೋಡ್ ಡಾಟ್ ಕಾಮ್ ತಾಣವು ಎನ್‌ಮ್ಯಾಪ್ ಎಂಬ ಉಚಿತ ತಂತ್ರಾಂಶಕ್ಕೆ ಇಂಥ ಹೊದಿಕೆ ಹಾಕಿದ್ದನ್ನು ಅದನ್ನು ಬರೆದ ಗಾರ್ಡನ್ ಲಿಯಾನ್ ಅವರೇ ಬಹಿರಂಗವಾಗಿ ಖಂಡಿಸಿದರು. 2015ರಲ್ಲಿ ಸೋರ್ಸ್‌ಫೋರ್ಜ್ ತಾಣದಲ್ಲಿ ಗಿಂಪ್ ಎಂಬ ಚಿತ್ರ ತಿದ್ದುವ ತಂತ್ರಾಂಶಕ್ಕೂ ಹಾಗೆಯೇ ಆಯಿತು. ಮರುವರ್ಷ ಆ ತಾಣದ ಒಡೆತನ ಬದಲಾದ ಮೇಲೆ ಆ ಪದ್ಧತಿ ನಿಂತಿತು. ಹಾಲು ಒಳ್ಳೆಯದೇ, ನೀರು ಬೆರೆಸಿದ್ದು ನಡುವಿನವರು. ಲ್ಯಾಕ್ಟೋಮೀಟರ್ ಇಟ್ಟುಕೊಂಡಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದ್ದರಿಂದ ತಂತ್ರಾಂಶವನ್ನು ಅದನ್ನು ತಯಾರಿಸಿದವರ ಸ್ವಂತ ತಾಣದಿಂದಲೇ ತೆಗೆದುಕೊಳ್ಳಿ. ವಿಡಿಯೊ ನೋಡುವ ವಿಎಲ್‌ಸಿ ಬೇಕಿದ್ದರೆ ವಿಡಿಯೊಲ್ಯಾನ್ ಡಾಟ್ ಆರ್ಗ್, ಪತ್ರ ಮತ್ತು ಲೆಕ್ಕಪಟ್ಟಿಗೆ ಲಿಬ್ರೆಆಫೀಸ್ ಬೇಕಿದ್ದರೆ ಲಿಬ್ರೆಆಫೀಸ್ ಡಾಟ್ ಆರ್ಗ್. ಹುಡುಕಿದಾಗ ಎಲ್ಲಕ್ಕಿಂತ ಮೇಲೆ ಬಂದದ್ದೇ ಅಸಲಿ ಎಂದು ನಂಬಬೇಡಿ. ‘ಸ್ಪಾನ್ಸರ್ಡ್’ ಎಂದು ಸಣ್ಣ ಅಕ್ಷರದಲ್ಲಿದ್ದರೆ ಅದು ಹಣ ಕೊಟ್ಟು ಹಾಕಿಸಿದ ಜಾಹೀರಾತು. 2022-23ರಲ್ಲಿ ವಿಎಲ್‌ಸಿ, 7-ಜಿಪ್ ಮುಂತಾದವುಗಳ ಹೆಸರಿನಲ್ಲೇ ಇಂಥ ಸುಳ್ಳು ಜಾಹೀರಾತುಗಳು ಬಂದು ಕಳ್ಳ ತಂತ್ರಾಂಶ ಹಂಚಿದವು. ವಿಳಾಸದ ಅಕ್ಷರಗಳನ್ನು ಒಂದೊಂದಾಗಿ ಓದಿ. ಕನ್ನಡ ಬರೆಯಲು ನುಡಿ ಬೇಕಿದ್ದರೂ ಕಂಡ ಕಂಡ ತಾಣದಿಂದ ಬೇಡ, ಅದನ್ನು ರೂಪಿಸಿದ ಕನ್ನಡ ಗಣಕ ಪರಿಷತ್ತಿನ ಮೂಲದಿಂದಲೇ ಪಡೆಯಿರಿ. ಯೂನಿಕೋಡ್ ಕನ್ನಡಕ್ಕಾದರೆ ಕೀಲಿಮಣೆ ವಿಂಡೋಸ್‌ನಲ್ಲೇ ಇದೆ.

ಇನ್ನು ಅಳವಡಿಸುವ ಹೊತ್ತು. ಇಲ್ಲಿ ಅವಸರ ಬೇಡ. ‘ಎಕ್ಸ್‌ಪ್ರೆಸ್’ ಅಥವಾ ‘ರೆಕಮೆಂಡೆಡ್’ ಎಂಬುದನ್ನು ಬಿಟ್ಟು ‘ಕಸ್ಟಮ್’ ಎಂಬುದನ್ನು ಆರಿಸಿಕೊಂಡರೆ ಒಳಗೆ ಏನೇನು ಸೇರಿದೆ ಎಂಬುದು ಸಾಮಾನ್ಯವಾಗಿ ಹೊರಬೀಳುತ್ತದೆ. ಮೊದಲೇ ಗುರುತು ಹಾಕಿಟ್ಟ ಚೌಕಗಳನ್ನು ಓದಿ, ಬೇಡದ್ದರ ಗುರುತು ತೆಗೆಯಿರಿ. ‘ಡಿಕ್ಲೈನ್’ ಎಂಬ ಗುಂಡಿಯನ್ನು ಕೆಲವರು ಬೇಕೆಂದೇ ಮಸುಕು ಬಣ್ಣದಲ್ಲಿ ಇಟ್ಟಿರುತ್ತಾರೆ, ನೋಡಿದರೆ ಕೆಲಸ ಮಾಡುವುದಿಲ್ಲವೇನೋ ಅನ್ನಿಸುತ್ತದೆ. ಒತ್ತಿ ನೋಡಿ, ಕೆಲಸ ಮಾಡುತ್ತದೆ. ವೈರಸ್ ತಡೆ ತಂತ್ರಾಂಶವನ್ನು ಸ್ವಲ್ಪ ಹೊತ್ತು ನಿಲ್ಲಿಸಿ ಎಂದು ಕೇಳಿದರೆ ಅಲ್ಲಿಗೇ ಕೈಬಿಡಿ. ದುಡ್ಡಿನ ತಂತ್ರಾಂಶವನ್ನು ಬೀಗ ಮುರಿದು ಹಂಚುವ ‘ಕ್ರ್ಯಾಕ್’ ಪ್ರತಿಗಳು ಹೆಚ್ಚಾಗಿ ಕೇಳುವುದು ಇದನ್ನೇ. ಸಂಘದ ಲೆಕ್ಕಪತ್ರಕ್ಕೆ ಕ್ರ್ಯಾಕ್ ಪ್ರತಿ ಹಾಕಿಕೊಟ್ಟು ಐನೂರು ರೂಪಾಯಿ ಪಡೆದು ಹೋಗುವ ಹುಡುಗರಿದ್ದಾರೆ. ಆಡಳಿತ ಮಂಡಳಿಯವರು ಈ ಉಳಿತಾಯಕ್ಕೆ ಒಪ್ಪಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ನಿಮ್ಮ ಕೈಯಲ್ಲಿರುವ ಮೊಬೈಲಿನ ವಿಷಯಕ್ಕೆ ಬರೋಣ. ಇಲ್ಲಿ ಕಳೆಯಷ್ಟೇ ಅಲ್ಲ, ನೇರವಾಗಿ ಕಳ್ಳನೇ ಬರುತ್ತಾನೆ. ಪಿಎಂ ಕಿಸಾನ್ ಹೆಸರಿನಲ್ಲಿ, ಮದುವೆಯ ಕರೆಯೋಲೆಯ ಹೆಸರಿನಲ್ಲಿ ವಾಟ್ಸಾಪ್‌ಗೆ ಒಂದು ಕಡತ ಬರುತ್ತದೆ, ಹೆಸರಿನ ಕೊನೆಗೆ ‘ಎಪಿಕೆ’ ಎಂದಿರುತ್ತದೆ. ಕರೆಯೋಲೆಯಾದರೆ ಅದು ಚಿತ್ರವಾಗಿಯೋ ಪಿಡಿಎಫ್ ಆಗಿಯೋ ಬರಬೇಕು. ಎಪಿಕೆ ಎಂದರೆ ಮೊಬೈಲಿನಲ್ಲಿ ಅಳವಡಿಸುವ ತಂತ್ರಾಂಶ. ಅದಕ್ಕೆ ನಿಮ್ಮ ಎಸ್‌ಎಂಎಸ್ ಓದಲು ಅನುಮತಿ ಕೊಟ್ಟಿರೆಂದರೆ ಬ್ಯಾಂಕಿನಿಂದ ಬರುವ ಒಟಿಪಿ ನಿಮಗಿಂತ ಮೊದಲು ಅವನಿಗೆ ಸಿಗುತ್ತದೆ. ಕಳಿಸಿದವರು ನಿಮ್ಮ ಭಾವನೇ ಆಗಿರಲಿ, ತೆರೆಯುವ ಮೊದಲು ಕರೆ ಮಾಡಿ ಕೇಳಿ. ಅವರ ಮೊಬೈಲ್ ಈಗಾಗಲೇ ಕಳ್ಳನ ವಶದಲ್ಲಿರಬಹುದು. ಆಪ್ ಬೇಕಿದ್ದರೆ ಪ್ಲೇ ಸ್ಟೋರ್‌ನಿಂದ ತೆಗೆದುಕೊಳ್ಳಿ, ಅಲ್ಲಿಯೂ ತಯಾರಕರ ಹೆಸರು ನೋಡಿ.

ಈಗಾಗಲೇ ಬಂದು ಕುಳಿತಿದ್ದರೆ? ಮೊದಲು ಅಂತರಜಾಲದ ಸಂಪರ್ಕ ತೆಗೆಯಿರಿ. ಗಣಕಯಂತ್ರದಲ್ಲಿರುವ ತಂತ್ರಾಂಶಗಳ ಪಟ್ಟಿಯನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿದರೆ ಒಂದೇ ದಿನ ಒಟ್ಟಿಗೆ ಬಂದವು ಎದ್ದು ಕಾಣುತ್ತವೆ, ಅವನ್ನು ಕಿತ್ತುಹಾಕಿ. ಬ್ರೌಸರ್‌ಗೆ ಅಂಟಿಕೊಂಡಿರುವ ‘ಎಕ್ಸ್‌ಟೆನ್ಷನ್’ಗಳನ್ನೂ ನೋಡಿ. ನಂತರ ವಿಂಡೋಸ್ ಸೆಕ್ಯೂರಿಟಿಯಿಂದ ಪೂರ್ಣ ತಪಾಸಣೆ ಮಾಡಿಸಿ. ಕೇಂದ್ರ ಸರ್ಕಾರ 2017ರಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರದ ತಾಣದಲ್ಲೂ ಉಚಿತ ಶುದ್ಧೀಕರಣ ಸಾಧನಗಳಿವೆ. ಬ್ಯಾಂಕಿನ ಗುಪ್ತಪದವನ್ನು ಬದಲಿಸಿ, ಆದರೆ ಅದೇ ಯಂತ್ರದಿಂದಲ್ಲ, ಬೇರೆ ಶುದ್ಧ ಯಂತ್ರದಿಂದ.

ಖಾತೆಯಿಂದ ಹಣ ಹೋಗಿದ್ದರೆ ಮರುದಿನದವರೆಗೆ ಕಾಯಬೇಡಿ, ಊರಿನವರಿಗೆ ಗೊತ್ತಾದೀತೆಂದು ನಾಚಿಕೆಯೂ ಬೇಡ. ತಕ್ಷಣ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಹಣ ಇನ್ನೊಂದು ಖಾತೆಗೆ ದಾಟುವ ಮೊದಲೇ ತಿಳಿಸಿದರೆ ತಡೆಹಿಡಿಯುವ ಅವಕಾಶ ಹೆಚ್ಚು.

ಮುಂದಿನ ಸಭೆಯಲ್ಲಿ ನಿಮ್ಮ ಕಾರ್ಯದರ್ಶಿಗಳನ್ನು ಒಂದು ಮಾತು ಕೇಳಿ: ಬಟವಾಡೆ ಲೆಕ್ಕದ ಪ್ರತಿಯನ್ನು ವಾರಕ್ಕೊಮ್ಮೆಯಾದರೂ ಪೆನ್‌ಡ್ರೈವ್‌ಗೆ ತೆಗೆದು, ಅದನ್ನು ಯಂತ್ರದಿಂದ ಬಿಡಿಸಿ ಬೀರುವಿನಲ್ಲಿ ಇಡುತ್ತಿದ್ದಾರೆಯೇ? ನಾನು ಹೇಳಿದ ಸಂಘದಲ್ಲಿ ಹಾಗೆ ಇಟ್ಟಿದ್ದರು. ಆ ವಾರದ ಬಟವಾಡೆ ಒಂದು ದಿನವೂ ತಡವಾಗಲಿಲ್ಲ.