ರಣರಂಗದ ವೈದ್ಯರು: ಕೊರಿಯಾದಲ್ಲಿ ಭಾರತೀಯ ವೈದ್ಯಕೀಯ ಪಡೆ

ಶೌರ್ಯವೆಂದೊಡನೆ ಆಯುಧ ಹಿಡಿದು ಮುನ್ನುಗ್ಗುವ ಯೋಧನ ಚಿತ್ರವೇ ನಮ್ಮ ಕಣ್ಣ ಮುಂದೆ ನಿಲ್ಲುತ್ತದೆ. ಅದೇ ರಣರಂಗದಲ್ಲಿ, ಅದೇ ಗುಂಡಿನ ಸುರಿಮಳೆಯ ನಡುವೆ, ಗಾಯಗೊಂಡವರನ್ನು ಉಳಿಸುವುದಕ್ಕಾಗಿ ತನ್ನ ಜೀವವನ್ನು ಪಣಕ್ಕೊಡ್ಡುವ ಸೇನಾ ವೈದ್ಯನ ಸಾಹಸವು ಜನಸಾಮಾನ್ಯರಿಗೆ ಅಷ್ಟಾಗಿ ಪರಿಚಿತವಲ್ಲ. ಕೊರಿಯಾ ಯುದ್ಧದಲ್ಲಿ ಭಾರತದ 60ನೇ ಪ್ಯಾರಾಚೂಟ್ ಫೀಲ್ಡ್ ಆಂಬುಲೆನ್ಸ್ ಸಲ್ಲಿಸಿದ ಸೇವೆಯು ಇಂತಹ ಸಾಹಸಕ್ಕೆ ಉಜ್ವಲ ನಿದರ್ಶನವಾಗಿದೆ.

ಫೀಲ್ಡ್ ಆಂಬುಲೆನ್ಸ್ ಎಂದರೇನು?

ಆಂಬುಲೆನ್ಸ್ ಎಂದರೆ ರೋಗಿಗಳನ್ನು ಸಾಗಿಸುವ ವಾಹನವೆಂಬುದು ಸಾಮಾನ್ಯ ತಿಳಿವಳಿಕೆ. ಸೈನ್ಯದ ಪರಿಭಾಷೆಯಲ್ಲಿ ಫೀಲ್ಡ್ ಆಂಬುಲೆನ್ಸ್ ಎಂದರೆ ವೈದ್ಯರು, ಶುಶ್ರೂಷಾ ಸಹಾಯಕರು ಮತ್ತು ಸ್ಟ್ರೆಚರ್ ಹೊರುವವರನ್ನು ಒಳಗೊಂಡ ಸಂಚಾರಿ ವೈದ್ಯಕೀಯ ಘಟಕ. ಗಾಯಾಳುವಿನ ರಕ್ತಸ್ರಾವವನ್ನು ತಡೆಯುವುದು, ಮುರಿದ ಮೂಳೆಗೆ ಆಸರೆ ಕಟ್ಟುವುದು, ನೋವು ಶಮನಗೊಳಿಸುವುದು ಮತ್ತು ಸುರಕ್ಷಿತವಾಗಿ ಹಿಂದಣ ಆಸ್ಪತ್ರೆಗೆ ಕಳುಹಿಸುವುದು ಇದರ ಕೆಲಸ. ತೀವ್ರವಾಗಿ ಗಾಯಗೊಂಡವನಿಗೆ ಚಿಕಿತ್ಸೆ ತಡವಾದಷ್ಟೂ ಬದುಕುವ ಆಸೆ ಕ್ಷೀಣಿಸುತ್ತದೆ. ಆದುದರಿಂದಲೇ ಶಸ್ತ್ರಚಿಕಿತ್ಸಕನು ಕದನದ ಸಮೀಪಕ್ಕೆ ಹೋಗಬೇಕಾಗುತ್ತದೆ.

ಪ್ಯೊಂಗ್ಯಾಂಗಿನ ರೈಲು

1950ರ ಜೂನ್ 25ರಂದು ಕೊರಿಯಾ ಯುದ್ಧ ಆರಂಭವಾಯಿತು. ಭಾರತವು ಹೋರಾಡುವ ಸೈನ್ಯವನ್ನು ಕಳುಹಿಸದೆ, ವಿಶ್ವಸಂಸ್ಥೆಯ ಕರೆಗೆ ಓಗೊಟ್ಟು ವೈದ್ಯಕೀಯ ಘಟಕವನ್ನು ಕಳುಹಿಸಿತು. ಲೆಫ್ಟಿನೆಂಟ್ ಕರ್ನಲ್ ಎ.ಜಿ. ರಂಗರಾಜ್ ಅವರ ನಾಯಕತ್ವದಲ್ಲಿ ಈ ಘಟಕವು 1950ರ ನವೆಂಬರ್‌ನಲ್ಲಿ ಬುಸಾನ್ ಬಂದರನ್ನು ತಲುಪಿತು. 1941ರಲ್ಲಿ ಪ್ಯಾರಾಚೂಟ್ ಮೂಲಕ ಧುಮುಕಿದ ಪ್ರಪ್ರಥಮ ಭಾರತೀಯ ಸೈನಿಕರಲ್ಲಿ ರಂಗರಾಜ್ ಒಬ್ಬರು. ಎರಡನೆಯ ಮಹಾಯುದ್ಧದ ಅನುಭವವೂ ಅವರಿಗಿತ್ತು.

ಘಟಕವು ಪ್ಯೊಂಗ್ಯಾಂಗ್ ತಲುಪಿದ ಕೆಲವೇ ದಿನಗಳಲ್ಲಿ ಚೀನೀ ಪಡೆಗಳ ಪ್ರಬಲ ಆಕ್ರಮಣದಿಂದಾಗಿ ವಿಶ್ವಸಂಸ್ಥೆಯ ಸೇನೆ ಹಿಮ್ಮೆಟ್ಟತೊಡಗಿತು. ಭಾರತೀಯರಲ್ಲಿ ಸಾಕಷ್ಟು ವಾಹನಗಳಿರಲಿಲ್ಲ. ಉಪಕರಣಗಳನ್ನು ಬಿಟ್ಟು ಬರಿಗೈಯಲ್ಲಿ ಹೊರಟರೆ ಜೀವ ಉಳಿಯುತ್ತಿತ್ತು. ಆದರೆ ಔಷಧಿ ಮತ್ತು ಶಸ್ತ್ರಚಿಕಿತ್ಸೆಯ ಸಲಕರಣೆಗಳಿಲ್ಲದ ವೈದ್ಯನು ಗಾಯಾಳುವಿಗೆ ಏನನ್ನು ತಾನೆ ಮಾಡಬಲ್ಲ? ರಂಗರಾಜ್ ಅವರು ಉಪಕರಣಗಳನ್ನು ತೊರೆಯಲು ಒಪ್ಪಲಿಲ್ಲ. ಅವರ ಸಿಬ್ಬಂದಿಯು ಹಳೆಯ ಉಗಿಬಂಡಿಯೊಂದನ್ನೂ ಕೆಲವು ಡಬ್ಬಿಗಳನ್ನೂ ಹುಡುಕಿ ತೆಗೆದಿತು. ಎಂಜಿನ್ ನಡೆಸಬಲ್ಲ ಯೋಧರು ಘಟಕದಲ್ಲಿಯೇ ಇದ್ದರು. ಕೈಯಿಂದ ಕೈಗೆ ಬಕೆಟ್ ದಾಟಿಸಿ ಬಾಯ್ಲರಿಗೆ ನೀರು ತುಂಬಿಸಲಾಯಿತು. ಸಾಮಗ್ರಿ ಹೇರಿಕೊಂಡ ರೈಲು ನದಿಯನ್ನು ದಾಟಿ ದಕ್ಷಿಣಕ್ಕೆ ಸಾಗಿತು. ಅನತಿಕಾಲದಲ್ಲಿಯೇ ಸೇತುವೆಯನ್ನು ಸ್ಫೋಟಿಸಲಾಯಿತು. ಅಂದು ಉಳಿದ ಸಲಕರಣೆಗಳೇ ಮುಂದೆ ಸಹಸ್ರಾರು ಜನರ ಪ್ರಾಣರಕ್ಷಣೆಗೆ ಒದಗಿದವು.

ಆಗಸದಿಂದ ಇಳಿದ ಚಿಕಿತ್ಸಾಲಯ

ತರುವಾಯ ಘಟಕವು ಎರಡು ಭಾಗಗಳಾಗಿ ಕಾರ್ಯನಿರ್ವಹಿಸಿತು. ಒಂದು ಭಾಗವು ಕಾಮನ್‌ವೆಲ್ತ್ ಬ್ರಿಗೇಡಿನೊಡನೆ ಮುಂಚೂಣಿಯಲ್ಲಿ ದುಡಿಯಿತು. ಇನ್ನೊಂದು ಭಾಗವು ದೇಗು ನಗರದಲ್ಲಿ ಸೈನಿಕರಿಗೂ ಸ್ಥಳೀಯ ನಾಗರಿಕರಿಗೂ ಚಿಕಿತ್ಸೆ ನೀಡಿತು.

1951ರ ಮಾರ್ಚ್ 23ರಂದು ಮುನ್ಸಾನ್ ಬಳಿ ಅಮೆರಿಕದ 187ನೇ ವಾಯುವಾಹಿತ ದಳದ ಮೂರು ಸಾವಿರಕ್ಕೂ ಹೆಚ್ಚು ಯೋಧರು ಪ್ಯಾರಾಚೂಟ್‌ಗಳ ಮೂಲಕ ಧುಮುಕಿದರು. ರಂಗರಾಜ್ ಅವರೂ ಸೇರಿದಂತೆ 12 ಮಂದಿ ಭಾರತೀಯರ ವೈದ್ಯಕೀಯ ತಂಡ ಅವರೊಡನೆ ಇಳಿಯಿತು. ನೆಲ ಮುಟ್ಟಿದೊಡನೆ ಯೋಧನು ಆಶ್ರಯ ಹುಡುಕಿಕೊಳ್ಳಬಹುದು. ವೈದ್ಯನಾದರೋ ಬಿದ್ದವರನ್ನು ಅರಸುತ್ತಾ ಬಯಲಿಗೆ ಬರಬೇಕು, ದಾಳಿಯ ನಡುವೆಯೂ ಕೈ ನಡುಗದಂತೆ ಕತ್ತರಿ ಹಿಡಿಯಬೇಕು. ಈ ಕಾರ್ಯಾಚರಣೆಯಲ್ಲಿ ತಂಡವು ನೂರಕ್ಕೂ ಹೆಚ್ಚು ಗಾಯಾಳುಗಳಿಗೆ ಚಿಕಿತ್ಸೆ ನೀಡಿತೆಂಬುದು ಉಲ್ಲೇಖಾರ್ಹ. ರಂಗರಾಜ್ ಅವರಿಗೆ ಮಹಾವೀರ ಚಕ್ರ ಪ್ರದಾನ ಮಾಡಲಾಯಿತು. ಘಟಕದ ಇತರ ಹಲವರೂ ಶೌರ್ಯ ಪದಕಗಳಿಗೆ ಪಾತ್ರರಾದರು.

ಕರ್ತವ್ಯದ ನೆಲೆ

1949ರ ಜಿನೀವಾ ಒಪ್ಪಂದಗಳ ಪ್ರಕಾರ ಗಾಯಾಳುಗಳಲ್ಲಿ ಶತ್ರು, ಮಿತ್ರ ಎಂಬ ಭೇದವೆಣಿಸುವಂತಿಲ್ಲ. ಯಾರಿಗೆ ಮೊದಲು ಚಿಕಿತ್ಸೆ ನೀಡಬೇಕೆಂಬುದನ್ನು ವೈದ್ಯಕೀಯ ತುರ್ತು ಮಾತ್ರವೇ ನಿರ್ಧರಿಸಬೇಕು. ಅಂತೆಯೇ ವೈದ್ಯಕೀಯ ಸಿಬ್ಬಂದಿಯ ಮೇಲೆ ದಾಳಿ ಮಾಡುವುದು ನಿಷಿದ್ಧ. ಭಾರತವು ಈ ಒಪ್ಪಂದಗಳನ್ನು 1950ರಲ್ಲಿ ಅನುಮೋದಿಸಿ, 1960ರಲ್ಲಿ ಅದಕ್ಕಾಗಿ ಕಾಯಿದೆಯನ್ನು ರೂಪಿಸಿತು. ಆದರೂ ಫಿರಂಗಿಯ ಗುಂಡಿಗೆ ಕೆಂಪು ಶಿಲುಬೆಯ ಗುರುತು ಕಾಣುವುದಿಲ್ಲ. ಕಾನೂನಿನ ರಕ್ಷಣೆಯಿದ್ದರೂ ಅಪಾಯ ತಪ್ಪದೆಂದು ತಿಳಿದೇ ಮುಂದೆ ಹೆಜ್ಜೆಯಿಡುವುದರಲ್ಲಿ ಸೇನಾ ವೈದ್ಯನ ಧೈರ್ಯವಿದೆ.

ಮುಂದುವರಿದ ಪರಂಪರೆ

1953ರ ಜುಲೈ 27ರಂದು ಕದನವಿರಾಮವಾಯಿತು. ಯುದ್ಧಕೈದಿಗಳ ಪ್ರಶ್ನೆಯನ್ನು ಬಗೆಹರಿಸಲು ರಚಿತವಾದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಕೊಡಗಿನ ವೀರಪುತ್ರ ಜನರಲ್ ಕೆ.ಎಸ್. ತಿಮ್ಮಯ್ಯನವರು ಅಧ್ಯಕ್ಷರಾಗಿದ್ದರು. ಕೈದಿಗಳ ಪಾಲನೆಗೆ ಬಂದ ಭಾರತೀಯ ಪಡೆಗೂ ಸೇವೆ ಸಲ್ಲಿಸಿ, 60ನೇ ಘಟಕವು 1954ರಲ್ಲಿ ಸ್ವದೇಶಕ್ಕೆ ಮರಳಿತು. ಅಷ್ಟರಲ್ಲಿ ಅದು ಸುಮಾರು ಎರಡು ಲಕ್ಷ ಜನರಿಗೆ ಚಿಕಿತ್ಸೆ ನೀಡಿತ್ತು. ಎರಡು ಸಾವಿರಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳನ್ನು ನೆರವೇರಿಸಿತ್ತು.

2023ರ ಫೆಬ್ರವರಿಯಲ್ಲಿ ತುರ್ಕಿಯಲ್ಲಿ ಭೂಕಂಪ ಸಂಭವಿಸಿದಾಗ, ಆಗ್ರಾದಿಂದ ತೆರಳಿ ಸಂತ್ರಸ್ತರಿಗೆ ಆಸ್ಪತ್ರೆ ತೆರೆದುದು ಇದೇ ಘಟಕವೇ. ಏಳು ದಶಕಗಳ ಹಿಂದೆ, ಹಿಮ್ಮೆಟ್ಟುತ್ತಿದ್ದ ಸೇನೆಯ ಗೊಂದಲದ ನಡುವೆ ಬಕೆಟ್‌ಗಳಲ್ಲಿ ನೀರು ಹೊತ್ತು ತಮ್ಮ ಸಲಕರಣೆಗಳನ್ನು ಉಳಿಸಿಕೊಂಡವರ ನಿಷ್ಠೆಯು ಹೀಗೆ ಇಂದಿಗೂ ಫಲ ನೀಡುತ್ತಿದೆ. ವೀರರನ್ನು ಸ್ಮರಿಸುವಾಗ ಈ ಪ್ರಾಣರಕ್ಷಕರನ್ನೂ ಸ್ಮರಿಸುವುದು ನಮ್ಮೆಲ್ಲರ ಕರ್ತವ್ಯವಾಗಿದೆ.