ಮೂತ್ರಪಿಂಡಗಳು ಸೋಸುವ ಬಗೆ

ದೇಹಕ್ಕೆ ಬೇಡವಾದ ನೀರನ್ನು ಹೊರಕ್ಕೆ ಕಳುಹಿಸುವುದಷ್ಟೇ ಮೂತ್ರಪಿಂಡಗಳ ಕೆಲಸವೆಂದು ನಮ್ಮಲ್ಲಿ ಹಲವರು ತಿಳಿದಿರುತ್ತೇವೆ. ಇದು ಅರ್ಧ ಸತ್ಯ ಮಾತ್ರ. ಈ ಅಂಗಗಳು ದಿನವೊಂದಕ್ಕೆ ರಕ್ತದಿಂದ ಸೋಸಿ ತೆಗೆಯುವ ದ್ರವ ಸುಮಾರು 180 ಲೀಟರು. ನಾವು ವಿಸರ್ಜಿಸುವ ಮೂತ್ರವಾದರೋ ಸುಮಾರು ಒಂದೂವರೆ ಲೀಟರು. ಹಾಗಾದರೆ ಉಳಿದ ದ್ರವವೆಲ್ಲ ಏನಾಯಿತು? ಈ ಪ್ರಶ್ನೆಗೆ ಉತ್ತರವನ್ನು ಅರಿತರೆ ಮೂತ್ರಪಿಂಡಗಳ ನಿಜವಾದ ಕಾರ್ಯವನ್ನು ಅರಿತಂತೆ.

ಬೆನ್ನೆಲುಬಿನ ಇಕ್ಕೆಲಗಳಲ್ಲಿರುವ ಈ ಪಿಂಡಗಳು ಒಂದೊಂದೂ ಸುಮಾರು 150 ಗ್ರಾಂ ತೂಗುತ್ತವೆ. ಅಂಗಗಳು ಚಿಕ್ಕವಾದರೂ, ಹೃದಯವು ಹೊರದೂಡುವ ರಕ್ತದಲ್ಲಿ ಸುಮಾರು ಐದನೆಯ ಒಂದು ಪಾಲು ಇವುಗಳಿಗೇ ಬರುತ್ತದೆ. ಒಂದೊಂದು ಪಿಂಡದಲ್ಲಿಯೂ ನೆಫ್ರಾನ್ ಎಂಬ ಸೂಕ್ಷ್ಮ ಘಟಕಗಳು ಸುಮಾರು 10 ಲಕ್ಷ ಇವೆ. ನೆಫ್ರಾನಿನ ತುದಿಯಲ್ಲಿ ಬಟ್ಟಲಿನಂತಹ ಒಂದು ಕೋಶ. ಅದರೊಳಗೆ ಲೋಮನಾಳಗಳ ಒಂದು ಗೊಂಚಲು. ಕೋಶದಿಂದ ಹೊರಟ ಒಂದು ಸುರುಳಿನಾಳ.

ಗೊಂಚಲಿಗೆ ರಕ್ತವನ್ನು ತರುವ ನಾಳಕ್ಕಿಂತ ಹೊರಕ್ಕೊಯ್ಯುವ ನಾಳ ಕಿರಿದು. ಆದುದರಿಂದ ಗೊಂಚಲಿನಲ್ಲಿ ರಕ್ತದ ಒತ್ತಡ ಹೆಚ್ಚಾಗಿರುತ್ತದೆ. ಆ ಒತ್ತಡಕ್ಕೆ ನೀರು, ಲವಣ, ಸಕ್ಕರೆ, ಯೂರಿಯಾ ಇವೆಲ್ಲ ಲೋಮನಾಳದ ಭಿತ್ತಿಯ ಮೂಲಕ ಬಟ್ಟಲಿಗೆ ಸೋರುತ್ತವೆ. ರಕ್ತಕಣಗಳೂ ದೊಡ್ಡ ಪ್ರೋಟೀನು ಅಣುಗಳೂ ಒಳಗೇ ಉಳಿಯುತ್ತವೆ.

ಮೂತ್ರವು ಮೊದಲು ಸೋಸುವಿಕೆಯಿಂದಲೇ ಹುಟ್ಟುತ್ತದೆಂದು 19ನೆಯ ಶತಮಾನದ ನಡುವಿನಲ್ಲಿ ಜರ್ಮನಿಯ ಕಾರ್ಲ್ ಲುಡ್ವಿಗ್ ವಾದಿಸಿದ್ದನು. ಇದಕ್ಕೆ ನೇರವಾದ ಸಾಕ್ಷ್ಯ ದೊರೆತದ್ದು 1924ರಲ್ಲಿ. ಅಮೆರಿಕದ ವರ್ನ್ ಮತ್ತು ರಿಚರ್ಡ್ಸ್ ಎಂಬ ವಿಜ್ಞಾನಿಗಳು ಕಪ್ಪೆಯ ಮೂತ್ರಪಿಂಡದ ಬಟ್ಟಲೊಂದಕ್ಕೆ ಅತಿ ಸಣ್ಣ ಗಾಜಿನ ನಳಿಕೆಯನ್ನು ಚುಚ್ಚಿ ಅಲ್ಲಿನ ದ್ರವವನ್ನು ಹೊರತೆಗೆದರು. ಅದರಲ್ಲಿ ಪ್ರೋಟೀನು ಇರಲಿಲ್ಲ, ಸಕ್ಕರೆಯಿತ್ತು. ಅದೇ ಕಪ್ಪೆಯ ಮೂತ್ರಾಶಯದಲ್ಲಿದ್ದ ಮೂತ್ರದಲ್ಲಿ ಸಕ್ಕರೆ ಕಾಣಲಿಲ್ಲ. ದಾರಿಯಲ್ಲಿ ಸುರುಳಿನಾಳವು ಅದನ್ನು ಹೀರಿಕೊಂಡು ರಕ್ತಕ್ಕೆ ಮರಳಿಸಿತ್ತೆಂಬುದು ಇದರಿಂದ ಸ್ಪಷ್ಟವಾಯಿತು.

ಹಬ್ಬದ ಮುನ್ನ ಕಪಾಟನ್ನು ಚೊಕ್ಕಟಮಾಡುವವರು ಸಾಮಾನನ್ನೆಲ್ಲ ಹೊರಕ್ಕೆ ತೆಗೆದು, ಬೇಕಾದುದನ್ನು ಮಾತ್ರ ಮರಳಿ ಜೋಡಿಸುತ್ತಾರಷ್ಟೆ. ಮೂತ್ರಪಿಂಡದ ಕ್ರಮವೂ ಇದೇ. ದೇಹಕ್ಕೆ ಎಂದೂ ಪರಿಚಯವಿಲ್ಲದ ವಸ್ತುವೊಂದು ರಕ್ತವನ್ನು ಸೇರಿದರೂ, ಅದು ಸೋಸಿಹೋಗುವಷ್ಟು ಚಿಕ್ಕದಾಗಿದ್ದು, ನಾಳವು ಅದನ್ನು ಮರಳಿ ಹೀರದಿದ್ದರೆ, ಮೂತ್ರದೊಡನೆ ಹೊರಬೀಳುತ್ತದೆ.

ನೀರಿನ ವಿಷಯದಲ್ಲಿ ಈ ಹೀರಿಕೆ ದಿನದ ಅಗತ್ಯಕ್ಕೆ ತಕ್ಕಂತೆ ಬದಲಾಗುತ್ತದೆ. ಬೇಸಗೆಯಲ್ಲಿ ಬೆವರು ಸುರಿದು ರಕ್ತದ ಲವಣಾಂಶದ ಸಾಂದ್ರತೆ ಹೆಚ್ಚಿತೆನ್ನೋಣ. ಮಿದುಳು ಅದನ್ನು ಗುರುತಿಸುತ್ತದೆ. ಪಿಟ್ಯುಟರಿ ಗ್ರಂಥಿಯಿಂದ ವ್ಯಾಸೊಪ್ರೆಸಿನ್ ಎಂಬ ಹಾರ್ಮೋನು ರಕ್ತಕ್ಕೆ ಸೇರುತ್ತದೆ. ಅದರ ಪ್ರಭಾವದಿಂದ ಮೂತ್ರವನ್ನು ಒಟ್ಟುಗೂಡಿಸುವ ನಾಳಗಳು ಹೆಚ್ಚು ನೀರನ್ನು ದೇಹಕ್ಕೆ ಮರಳಿಸುತ್ತವೆ. ಮೂತ್ರ ಕಡಮೆಯಾಗಿ ಹಳದಿಯಾಗುತ್ತದೆ. ನಾವು ಹೆಚ್ಚು ನೀರು ಕುಡಿದಾಗ ಹಾರ್ಮೋನು ಕಡಮೆಯಾಗಿ, ಮೂತ್ರ ತಿಳಿಯಾಗಿ ಹೆಚ್ಚುತ್ತದೆ.

ಹೀರುವ ಶಕ್ತಿಗೂ ಒಂದು ಮಿತಿಯುಂಟು. ರಕ್ತದಲ್ಲಿ ಸಕ್ಕರೆ 100 ಮಿಲಿಲೀಟರಿಗೆ ಸುಮಾರು 180 ಮಿಲಿಗ್ರಾಂ ಮೀರಿದರೆ, ನಾಳಗಳಿಂದ ಅದನ್ನೆಲ್ಲ ಹೀರಲಾಗದು. ಮಿಕ್ಕ ಸಕ್ಕರೆ ತನ್ನೊಡನೆ ನೀರನ್ನೂ ಹೊರಕ್ಕೆಳೆಯುತ್ತದೆ. 'ಮಧುಮೇಹ' ಎಂಬ ಹೆಸರಿಗೂ ಆ ರೋಗಿಗಳ ಬಾಯಾರಿಕೆಗೂ ಇದೇ ಕಾರಣ.

ಬಹುಕಾಲ ಹತೋಟಿಯಲ್ಲಿಲ್ಲದ ಮಧುಮೇಹ, ರಕ್ತದ ಏರೊತ್ತಡ ಇವೆರಡೂ ಲೋಮನಾಳಗಳ ಗೊಂಚಲನ್ನೇ ಕೆಡಿಸುತ್ತವೆ. ಕೆಟ್ಟ ಸೋಸುಕದಿಂದ ಪ್ರೋಟೀನು ಮೂತ್ರಕ್ಕೆ ಸೋರತೊಡಗುತ್ತದೆ. ಉಳಿದ ನೆಫ್ರಾನುಗಳು ಹೆಚ್ಚಿನ ಹೊರೆಯನ್ನು ಹೊರುವುದರಿಂದ ರೋಗಿಗೆ ಬಹುದಿನ ನೋವೂ ತೋರದು, ಆಯಾಸವೂ ತೋರದು. ಆದರೆ ಒಮ್ಮೆ ನಾಶವಾದ ನೆಫ್ರಾನಿಗೆ ಬದಲಾಗಿ ಹೊಸದು ಹುಟ್ಟುವುದಿಲ್ಲ. ಆದುದರಿಂದ ಮನೆಯಲ್ಲಿ ಈ ರೋಗಗಳುಳ್ಳ ಹಿರಿಯರಿದ್ದರೆ, ತೊಂದರೆ ತೋರುವವರೆಗೆ ಕಾಯದೆ ಮೂತ್ರದ ಪ್ರೋಟೀನನ್ನೂ ರಕ್ತದ ಕ್ರಿಯಾಟಿನಿನ್ ಪ್ರಮಾಣವನ್ನೂ ವೈದ್ಯರ ಸಲಹೆಯಂತೆ ಪರೀಕ್ಷೆ ಮಾಡಿಸುವುದು ಅಗತ್ಯ. ಸದ್ದಿಲ್ಲದೆ ದುಡಿಯುವ ಈ ಅಂಗಗಳು ಕೆಡುವುದೂ ಸದ್ದಿಲ್ಲದೆಯೇ ಎಂಬುದನ್ನು ನಾವು ಮರೆಯಬಾರದು.